ಬ್ಯಾಡಗಿಯ ಲಾಟು, ರ‍್ಯಾಕೆಟ್‌ನ ಲೆಕ್ಕ: ಪ್ರೋಗ್ರಾಮಿಂಗ್ ಭಾಷೆಯ ಒಳಗುಟ್ಟು ಕಲಿಯುವುದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೋ ಧಾರವಾಡದ ಹಾಸ್ಟೆಲಿನಲ್ಲಿಯೋ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಸಿ ಬರುತ್ತದೆ, ಪೈಥಾನ್ ಬರುತ್ತದೆ, ಜಾವಾ ಅಷ್ಟಿಷ್ಟು ಬರುತ್ತದೆ ಎನ್ನುತ್ತಾರೆ. ಫಂಕ್ಷನ್ನಿನೊಳಗೆ, ಅಂದರೆ ಇನ್‌ಪುಟ್ ಪಡೆದು ಉತ್ತರ ಕೊಡುವ ಪ್ರೋಗ್ರಾಂ ತುಣುಕಿನೊಳಗೆ, ಬರೆದ ಒಂದು ಹೆಸರು ಯಾವ ಮೌಲ್ಯವನ್ನು ಸೂಚಿಸುತ್ತದೆ, ಅದನ್ನು ತೀರ್ಮಾನಿಸುವ ನಿಯಮ ಯಾವುದು ಎಂದು ಕೇಳಿದರೆ ಮಾತು ತಡವರಿಸುತ್ತದೆ. ಮೂರು ಭಾಷೆಗಳ ವ್ಯಾಕರಣ ಗೊತ್ತಿದ್ದೂ ಭಾಷೆ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿಲ್ಲದಿರುವುದು ಹೀಗೆ. ಇದಕ್ಕೆ ನಾನು ಕಂಡಂತೆ ಹತ್ತಿರದ ದಾರಿ ಫಂಕ್ಷನಲ್ ಪ್ರೋಗ್ರಾಮಿಂಗ್, ಅಂದರೆ ಮೌಲ್ಯಗಳನ್ನು ಬದಲಿಸದೆ ಫಂಕ್ಷನ್‌ಗಳಿಂದಲೇ ಪ್ರೋಗ್ರಾಂ ಕಟ್ಟುವ ರೀತಿ. ಕ್ಯಾಂಪಸ್ ಸಂದರ್ಶನದಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಎನ್ನುವವರಿದ್ದಾರೆ. ಕೇಳದಿರಲಿ, ಕಲಿಯಬೇಕಾದ ಕಾರಣ ಬೇರೆ ಇದೆ.

ಮೊದಲು ಡಾಕ್ಟರ್ ರ‍್ಯಾಕೆಟ್ ತಂತ್ರಾಂಶವನ್ನು ಇಳಿಸಿಕೊಳ್ಳಿ. ಅದು ರ‍್ಯಾಕೆಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಓಡಿಸುವ ಉಚಿತ ಸಾಧನ. ಒಮ್ಮೆ ಅಳವಡಿಸಿದ ಮೇಲೆ ಅಭ್ಯಾಸಕ್ಕೆ ಇಂಟರ್ನೆಟ್ ಬೇಕಿಲ್ಲ. ರ‍್ಯಾಕೆಟ್ ಭಾಷೆ ಸ್ಕೀಮ್‌ನ ಸಂತತಿ, ಸ್ಕೀಮ್ ಲಿಸ್ಪ್‌ನ ಸಂತತಿ. ಲಿಸ್ಪ್ ಅನ್ನು ಜಾನ್ ಮೆಕಾರ್ಥಿ 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭಿಸಿದರು. ತೆರೆದ ಕೂಡಲೇ ಲ್ಯಾಂಗ್ವೇಜ್ ಮೆನುವಿನಲ್ಲಿ ‘ಬಿಗಿನಿಂಗ್ ಸ್ಟೂಡೆಂಟ್’ ಆರಿಸಿ. ಒಮ್ಮೆ ಕೊಟ್ಟ ಮೌಲ್ಯವನ್ನು ಬದಲಿಸುವ ಸೌಲಭ್ಯ ಅದರಲ್ಲಿ ಇಲ್ಲ. ಬೇಕೆಂದೇ ತೆಗೆದಿದ್ದಾರೆ. ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ಈ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ಬರುವ ಆವರಣ ಚಿಹ್ನೆಗಳ ಕಾಟ ಒಂದು ಸಂಜೆಯದು, ಅದಕ್ಕೆ ಹೆದರಬೇಡಿ.

ಇನ್ನು ಪ್ರೋಗ್ರಾಂ ಬರೆಯುವ ಮೊದಲು ಕಾಗದ ತೆಗೆದುಕೊಳ್ಳಿ. ಬ್ಯಾಡಗಿ ಮಾರುಕಟ್ಟೆಗೆ ಬಂದ ಮೂರು ಲಾಟು ಮೆಣಸಿನಕಾಯಿ ಎಂದುಕೊಳ್ಳೋಣ: 3, 5 ಮತ್ತು 2 ಕ್ವಿಂಟಲ್. ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿದವು. ಒಟ್ಟು ತೂಕ ಎಷ್ಟು? ಸಿ ಕಲಿತ ಕೈ ತಾನಾಗಿ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳನ್ನು, ಬರೆಯಲು ಹೊರಡುತ್ತದೆ. ಅದನ್ನು ತಡೆದು ಹೀಗೆ ಬರೆಯಿರಿ:

ಮೊತ್ತ(ಖಾಲಿ) = 0
ಮೊತ್ತ(ಮೊದಲು, ಉಳಿದವು) = ಮೊದಲು + ಮೊತ್ತ(ಉಳಿದವು)

ಈಗ ಸಮ ಚಿಹ್ನೆಯ ಎಡಗಡೆ ಇದ್ದದ್ದರ ಜಾಗಕ್ಕೆ ಬಲಗಡೆಯದನ್ನು ಇಡುತ್ತಾ ಹೋಗಿ:

ಮೊತ್ತ(3, 5, 2)
= 3 + ಮೊತ್ತ(5, 2)
= 3 + (5 + ಮೊತ್ತ(2))
= 3 + (5 + (2 + ಮೊತ್ತ(ಖಾಲಿ)))
= 3 + (5 + (2 + 0))
= 10

ಇಷ್ಟು ಮಾಡಿದರೆ ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನು ತಾನೇ ಕರೆಯುವುದು, ಅರ್ಥವಾಯಿತು. ‘ಎಕ್ಸ್ = ಎಕ್ಸ್ + 1’ ಎಂಬ ಸಾಲು ಇರುವ ಪ್ರೋಗ್ರಾಂನಲ್ಲಿ ಈ ಕಾಗದದ ವಿಧಾನ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಒಂದೇ ಹೆಸರಿಗೆ ಮೇಲಿನ ಸಾಲಿನಲ್ಲಿ ಒಂದು ಮೌಲ್ಯ, ಕೆಳಗಿನ ಸಾಲಿನಲ್ಲಿ ಇನ್ನೊಂದು. ಗಣಿತಜ್ಞ ಅಲೋಂಜೊ ಚರ್ಚ್ 1930ರ ದಶಕದಲ್ಲಿ ಫಂಕ್ಷನ್‌ಗಳ ಗಣಿತವಾದ ಲ್ಯಾಮ್ಡಾ ಕ್ಯಾಲ್ಕುಲಸ್ ರೂಪಿಸಿದಾಗ ಇಂದಿನ ಕಂಪ್ಯೂಟರ್ ಹುಟ್ಟಿರಲೇ ಇಲ್ಲ. ಅವರ ಕೈಯಲ್ಲಿದ್ದ ಮುಖ್ಯ ಉಪಕರಣ ಇದೇ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು. ಕಾಗದದ ಮೇಲೆ ಮಾಡಿದ್ದನ್ನು ಡಾಕ್ಟರ್ ರ‍್ಯಾಕೆಟ್‌ನಲ್ಲಿ ಬರೆದು ‘ಸ್ಟೆಪ್’ ಗುಂಡಿ ಒತ್ತಿ. ನಿಮ್ಮ ಸಾಲುಗಳೇ ಒಂದೊಂದಾಗಿ ಪರದೆಯ ಮೇಲೆ ಮೂಡುತ್ತವೆ.

ಮುಂದೆ, ಅತಿ ದೊಡ್ಡ ಲಾಟಿನ ತೂಕ ಮತ್ತು ಲಾಟುಗಳ ಎಣಿಕೆ ಇವೆರಡಕ್ಕೂ ಹೀಗೆಯೇ ಫಂಕ್ಷನ್ ಬರೆಯಿರಿ. ಮೂರನ್ನೂ ಪಕ್ಕಪಕ್ಕ ಇಟ್ಟು, ಬೇರೆಯಾಗಿರುವ ಭಾಗಕ್ಕೆ ಮಾತ್ರ ಪೆನ್ಸಿಲಿನಿಂದ ಸುತ್ತು ಹಾಕಿ. ಖಾಲಿ ಪಟ್ಟಿಗೆ ಕೊಡುವ ಉತ್ತರ, ಎರಡನ್ನು ಕೂಡಿಸುವ ಬಗೆ, ಇವೆರಡೇ ಸಿಗುತ್ತವೆ. ಆ ಎರಡನ್ನೂ ಹೊರಗಿನಿಂದ ಕೊಡುವಂತೆ ಮಾಡಿದರೆ ಒಂದೇ ಫಂಕ್ಷನ್ ಸಾಕು. ಅದೇ ಫೋಲ್ಡ್. ಫಂಕ್ಷನ್ನಿಗೆ ಫಂಕ್ಷನ್ನನ್ನೇ ಕೊಡಬೇಕಾದ್ದರಿಂದ ಈ ಹಂತದಲ್ಲಿ ಮೆನುವಿನಿಂದ ‘ಇಂಟರ್‌ಮೀಡಿಯೆಟ್ ಸ್ಟೂಡೆಂಟ್ ವಿತ್ ಲ್ಯಾಮ್ಡಾ’ ಆರಿಸಿಕೊಳ್ಳಿ. ಡಬ್ಬಿ ತಳಿಯ ಲಾಟುಗಳನ್ನಷ್ಟೇ ಹೆಕ್ಕುವ ಫಿಲ್ಟರ್, ಪ್ರತಿ ಲಾಟಿಗೂ ಹಣ ಲೆಕ್ಕ ಹಾಕುವ ಮ್ಯಾಪ್, ಇವೆರಡನ್ನೂ ಫೋಲ್ಡ್ ಬಳಸಿ ನೀವೇ ಬರೆಯಿರಿ.

ಇಲ್ಲಿಯವರೆಗಿನದು ಪೀಠಿಕೆ. ನಿಜವಾದ ಕಲಿಕೆ ಕ್ಲೋಷರ್‌ನಿಂದ, ಅಂದರೆ ತಾನು ಹುಟ್ಟಿದ ಜಾಗದ ಮೌಲ್ಯಗಳನ್ನು ಜೊತೆಗೆ ಒಯ್ಯುವ ಫಂಕ್ಷನ್ನಿನಿಂದ, ಆರಂಭವಾಗುತ್ತದೆ, ಇಲ್ಲಿ ಅವಸರ ಬೇಡ.

ಕಮಿಷನ್(ದರ) = ‘ಹಣ ಕೊಟ್ಟರೆ ಹಣ × ದರ ÷ 100 ಕೊಡುವ ಫಂಕ್ಷನ್’
ಶೇ2 = ಕಮಿಷನ್(2)
ಬಿಲ್(ದರ) = 3 × ದರ + ಶೇ2(3 × ದರ)

ಮೊದಲ ಸಾಲಿನ ದರ ಕಮಿಷನ್ನಿನ ಶೇಕಡಾವಾರು. ಮೂರನೆಯ ಸಾಲಿನ ದರ ಕ್ವಿಂಟಲ್ ಮೆಣಸಿನಕಾಯಿಗೆ ಬಿದ್ದ ಬೆಲೆ. ಬಿಲ್(20000) ಎಂದು ಕರೆದರೆ ಮಾಲಿನ ಹಣ 60,000 ರೂಪಾಯಿ. ಕಮಿಷನ್ ಎಷ್ಟು? ಶೇ2 ತಾನು ಹುಟ್ಟಿದ ಜಾಗದ ದರವನ್ನು, ಅಂದರೆ 2 ಅನ್ನು, ಜೊತೆಗೆ ಕಟ್ಟಿಕೊಂಡು ಬಂದಿದ್ದರೆ 1,200. ಕರೆದ ಜಾಗದಲ್ಲಿರುವ ದರವನ್ನು, ಅಂದರೆ 20,000 ಅನ್ನು, ಎತ್ತಿಕೊಂಡರೆ ಒಂದು ಕೋಟಿ ಇಪ್ಪತ್ತು ಲಕ್ಷ! ಮೊದಲನೆಯ ನಿಯಮ ಲೆಕ್ಸಿಕಲ್ ಸ್ಕೋಪ್, ಎರಡನೆಯದು ಡೈನಾಮಿಕ್ ಸ್ಕೋಪ್. ಎರಡನೆಯದನ್ನು ಯಾರು ಒಪ್ಪುತ್ತಾರೆ ಎಂದು ನಗಬೇಡಿ. ಆರಂಭದ ಲಿಸ್ಪ್‌ಗಳು ಹಾಗೆಯೇ ಇದ್ದವು. ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ 1975ರಲ್ಲಿ ಸ್ಕೀಮ್ ರೂಪಿಸುವಾಗ ಲೆಕ್ಸಿಕಲ್ ನಿಯಮವನ್ನು ಆರಿಸಿಕೊಂಡರು. ಲಿನಕ್ಸ್ ಬಳಸುವವರು ಕಂಪ್ಯೂಟರಿಗೆ ಆದೇಶ ಬರೆಯುವ ಬ್ಯಾಶ್ ಶೆಲ್ ಇಂದಿಗೂ ಡೈನಾಮಿಕ್ ಪಕ್ಷದಲ್ಲಿಯೇ ಇದೆ.

ಇದನ್ನು ಓದಿ ಒಪ್ಪಿಕೊಂಡರೆ ಸಾಲದು. ಐದನೆಯ ಹೆಜ್ಜೆಯಾಗಿ ಒಂದು ಪುಟ್ಟ ಇಂಟರ್‌ಪ್ರಿಟರ್, ಅಂದರೆ ಒಂದು ಭಾಷೆಯ ಪ್ರೋಗ್ರಾಂ ಅನ್ನು ಓದಿ ನಡೆಸುವ ಪ್ರೋಗ್ರಾಂ, ಬರೆಯಿರಿ. ನಿಮ್ಮ ಭಾಷೆಯಲ್ಲಿ ಇರಬೇಕಾದದ್ದು ಸಂಖ್ಯೆ, ಹೆಸರು, ಕೂಡುವುದು, ಗುಣಿಸುವುದು, ಭಾಗಿಸುವುದು, ಒಂದು ಇನ್‌ಪುಟ್ ಪಡೆಯುವ ಫಂಕ್ಷನ್, ಮತ್ತು ಅದರ ಕರೆ. ಇಂಟರ್‌ಪ್ರಿಟರ್‌ಗೆ ಎರಡು ವಸ್ತು ಕೊಡಬೇಕು: ಲೆಕ್ಕ ಹಾಕಬೇಕಾದ ವಾಕ್ಯ, ಹೆಸರು ಮತ್ತು ಮೌಲ್ಯಗಳ ಜೋಡಿಗಳಿರುವ ಪಟ್ಟಿ. ಸಂಖ್ಯೆ ಬಂದರೆ ಅದನ್ನೇ ಮರಳಿಸುವುದು. ಹೆಸರು ಬಂದರೆ ಪಟ್ಟಿಯಲ್ಲಿ ಹುಡುಕುವುದು. ಗಣಿತ ಬಂದರೆ ಎರಡೂ ಬದಿಯ ಉತ್ತರ ಪಡೆದು ಕ್ರಿಯೆ ನಡೆಸುವುದು. ಫಂಕ್ಷನ್ ಬಂದರೆ ಅದರ ಪಠ್ಯವನ್ನೂ ಆ ಕ್ಷಣದ ಪಟ್ಟಿಯನ್ನೂ ಒಟ್ಟಿಗೆ ಕಟ್ಟಿಡುವುದು. ಆ ಗಂಟಿಗೇ ಕ್ಲೋಷರ್ ಎಂದು ಹೆಸರು. ಕರೆ ಬಂದಾಗ ಗಂಟು ಬಿಚ್ಚಿ, ಒಳಗಿನ ಪಟ್ಟಿಗೆ ಹೊಸ ಜೋಡಿಯೊಂದನ್ನು ಮುಂದೆ ಸೇರಿಸಿ ಲೆಕ್ಕ ಮುಂದುವರಿಸುವುದು. ಈ ಕೊನೆಯ ಸಾಲಿನಲ್ಲಿ ‘ಗಂಟಿನ ಪಟ್ಟಿ’ಯ ಬದಲು ‘ಕರೆದವರ ಪಟ್ಟಿ’ ಎಂದು ತಿದ್ದಿ ಮೇಲಿನ ಬಿಲ್ ಅನ್ನು ಓಡಿಸಿ. ಇದ್ದಕ್ಕಿದ್ದಂತೆ ಕಮಿಷನ್ ಕೋಟಿ ದಾಟುತ್ತದೆ. ಎರಡು ಬಗೆಯ ಭಾಷೆಗಳ ನಡುವಿನ ಅಂತರ ಒಂದೇ ಪದದ ತಿದ್ದುಪಡಿ ಎಂಬುದನ್ನು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ತೋರಿಸಲಾರದು.

ಕೊನೆಯ ಹೆಜ್ಜೆ ಟೈಪ್‌ಗಳದು, ಅಂದರೆ ಒಂದು ಮೌಲ್ಯ ಸಂಖ್ಯೆಯೋ ಪಠ್ಯವೋ ಪಟ್ಟಿಯೋ ಎಂಬ ಬಗೆಗಳದು. ಇದೇ ಇಂಟರ್‌ಪ್ರಿಟರ್ ಅನ್ನು ಓಕ್ಯಾಮಲ್ ಭಾಷೆಯಲ್ಲಿ ಮತ್ತೊಮ್ಮೆ ಬರೆಯಿರಿ. ಇದು 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ತಂಡ ರೂಪಿಸಿದ ಎಂಎಲ್‌ನ ವಂಶದ್ದು. ರಸ್ಟ್ ಭಾಷೆಯ ಮೊದಲ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶ) ಬರೆದದ್ದೂ ಓಕ್ಯಾಮಲ್‌ನಲ್ಲಿಯೇ. ಟೈಪ್‌ಗಳನ್ನು ನೀವು ಬರೆಯದಿದ್ದರೂ ಅದು ತಾನೇ ಕಂಡುಕೊಳ್ಳುತ್ತದೆ, ವಾಕ್ಯಗಳ ಬಗೆಗಳಲ್ಲಿ ಒಂದನ್ನು ಮರೆತರೆ ಎಚ್ಚರಿಸುತ್ತದೆ. ಟೆಂಡರ್ ಬಾರದ ಲಾಟಿನ ದರ ಏನು ಎಂದು ಇಲ್ಲಿ ಕೇಳಿಕೊಳ್ಳಿ. ಸೊನ್ನೆಯಂತೂ ಅಲ್ಲ. ಓಕ್ಯಾಮಲ್‌ನಲ್ಲಿ ಅದನ್ನು ಆಪ್ಷನ್ ಟೈಪ್‌ನಲ್ಲಿ ‘ದರ ಇಲ್ಲ’ ಅಥವಾ ‘ದರ ಇಷ್ಟು’ ಎಂದು ಎರಡು ಬಗೆಯಾಗಿ ಬರೆಯುತ್ತಾರೆ. ಇಲ್ಲದ ದರವನ್ನು ತೂಕದಿಂದ ಗುಣಿಸಲು ಹೊರಟರೆ ಕಂಪೈಲರ್ ಬಿಡುವುದಿಲ್ಲ. ಬೇರೆ ಭಾಷೆಗಳಲ್ಲಿ ಈ ಕೆಲಸಕ್ಕೆ ಬಳಸುವ ನಲ್ ಅನ್ನು, ಅಂದರೆ ‘ಏನೂ ಇಲ್ಲ’ ಎಂಬ ಗುರುತನ್ನು, 1965ರಲ್ಲಿ ತಂದವರು ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್. 2009ರಲ್ಲಿ ಅದನ್ನು ನೂರು ಕೋಟಿ ಡಾಲರ್‌ನ ತಪ್ಪು ಎಂದು ಕರೆದವರೂ ಅವರೇ.

ಇಷ್ಟಾದ ಮೇಲೆ ಪೈಥಾನ್‌ಗೆ ಮರಳಿ, ಲೂಪಿನೊಳಗೆ ಲೂಪಿನ ಎಣಿಕೆಯನ್ನು ಮರಳಿಸುವ ಐದು ಲ್ಯಾಮ್ಡಾ (ಹೆಸರಿಲ್ಲದ ಫಂಕ್ಷನ್) ಸೃಷ್ಟಿಸಿ, ಲೂಪ್ ಮುಗಿದ ಮೇಲೆ ಒಂದೊಂದನ್ನೇ ಕರೆಯಿರಿ. ಐದೂ ಲೂಪಿನ ಕೊನೆಯ ಮೌಲ್ಯವನ್ನೇ ಕೊಡುತ್ತವೆ. ಅವು ಹಿಡಿದಿಟ್ಟುಕೊಂಡದ್ದು ಮೌಲ್ಯವನ್ನಲ್ಲ, ಹೆಸರನ್ನು. ಆ ಹೆಸರಿನ ಮೌಲ್ಯವನ್ನು ಲೂಪ್ ಬದಲಿಸುತ್ತಲೇ ಹೋಯಿತು. ಹ್ಯಾಸ್ಕೆಲ್ ಎಂಬ ಇನ್ನೊಂದು ಫಂಕ್ಷನಲ್ ಭಾಷೆ ಮತ್ತು ಅದರ ಮೊನಾಡ್‌ಗಳೆಂಬ ಕ್ಲಿಷ್ಟ ಪರಿಕಲ್ಪನೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಅವು ಮುಂದಿನ ಸೆಮಿಸ್ಟರ್‌ಗೆ ಇರಲಿ.