ಕ್ಲಾರಾ ಶೂಮನ್ ಹಾಡುಗಳಿಗೆ ಪಿಯಾನೊ ನುಡಿಸುತ್ತ

ಹಾಡುವವರ ಜೊತೆ ಪಿಯಾನೊ ನುಡಿಸುವುದು ನನ್ನ ಕಸುಬು. ಹತ್ತೊಂಬತ್ತನೇ ಶತಮಾನದ ಜರ್ಮನ್ ಪಿಯಾನೊ ವಾದಕಿ, ಕವಿತೆಗಳಿಗೆ ಸಂಗೀತ ಕಟ್ಟಿದ ಕ್ಲಾರಾ ಶೂಮನ್ ಅವರ ಹಾಡು ಕೈಗೆತ್ತಿಕೊಂಡರೆ ಮೊದಲು ಕವಿತೆಯನ್ನಷ್ಟೇ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಎಡಗೈಯಲ್ಲಿ ಕೆಳಗಿನ ಸ್ವರಗಳನ್ನು ಹಿಡಿದು, ಹಾಡಿನ ಸಾಲನ್ನು ನಾನೇ ಗುನುಗುತ್ತೇನೆ. ಬಲಗೈಯ ಸರದಿ ಕೊನೆಗೆ.

1841ರಲ್ಲಿ, ತಾನೂ ಸಂಗೀತ ರಚಿಸುತ್ತಿದ್ದ ಗಂಡ ರಾಬರ್ಟ್ ಜೊತೆ ಆಕೆ ಪ್ರಕಟಿಸಿದ ಸಂಪುಟದಲ್ಲಿ ಹನ್ನೆರಡು ಹಾಡುಗಳಿವೆ, ಎಲ್ಲವೂ ಜರ್ಮನ್ ಕವಿ ರೂಕರ್ಟ್ ಕವಿತೆಗಳು. ಯಾವುದರ ಸಂಗೀತ ಗಂಡನದು, ಯಾವುದರದು ಹೆಂಡತಿಯದು ಎಂದು ಅದರಲ್ಲಿ ನಮೂದಿಸಿರಲಿಲ್ಲ. ಕ್ಲಾರಾ ಬರೆದದ್ದು ಎರಡು, ನಾಲ್ಕು ಮತ್ತು ಹನ್ನೊಂದನೆಯದು. ಎರಡನೆಯದು ಬಿರುಗಾಳಿ, ಮಳೆಯ ನಡುವೆ ಬಂದ ಪ್ರಿಯನ ಹಾಡು. ಎಫ್ ಮೈನರ್ ಎಂಬ ಸ್ವರಶ್ರೇಣಿಯಲ್ಲಿ ಭೋರ್ಗರೆದು ಶುರುವಾಗಿ ಎ ಫ್ಲಾಟ್ ಮೇಜರ್ ಎಂಬ ಇನ್ನೊಂದು ಶ್ರೇಣಿಯಲ್ಲಿ ತಣ್ಣಗಾಗುತ್ತದೆ. ಒಂಬತ್ತನೇ ವಯಸ್ಸಿಗೇ ಲೈಪ್‌ಜಿಗ್‌ನ ವೇದಿಕೆ ಏರಿದ ಪಿಯಾನೊ ವಾದಕಿ ಬರೆದದ್ದಲ್ಲವೇ, ಪಕ್ಕವಾದ್ಯವೆಂದು ಕೈಗೆ ರಿಯಾಯಿತಿಯೇನೂ ಇಲ್ಲ! ಇದನ್ನು ಅರ್ಧ ವೇಗದಲ್ಲಿ, ಸ್ವರಗಳನ್ನು ಮೊಳಗುತ್ತಲೇ ಇರಿಸುವ ಕಾಲಿನ ಪೆಡಲ್ ಮುಟ್ಟದೆ ಕಲಿತೆ. ಪೆಡಲ್ ಒತ್ತಿದರೆ ತಪ್ಪುಗಳೆಲ್ಲ ಮಳೆಯ ಸದ್ದಿನಲ್ಲಿ ಮುಚ್ಚಿಹೋಗುತ್ತವೆ.

1843ರ 'ಲೋರೆಲೈ' ಹಾಡು, ರೈನ್ ನದಿಯ ಮೋಹಿನಿಯ ಕುರಿತು ಕವಿ ಹೈನೆ ಬರೆದ ಕವಿತೆಗೆ ಕಟ್ಟಿದ್ದು. ಒಂದೇ ಸಮನೆ ಬಡಿಯುವ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳು, ಮಣಿಕಟ್ಟನ್ನು ದಣಿಸುತ್ತವೆ. ಮೊದಲಿನಿಂದಲೇ ಮೆಲ್ಲಗೆ ನುಡಿಸುವುದೊಂದೇ ಉಪಾಯ.

ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಮಾತ್ರ ಆಕೆಯ ಹದಿಮೂರನೇ ಓಪಸ್‌ನ (ಕ್ರಮಸಂಖ್ಯೆ ಪಡೆದ ಕೃತಿಯ) ಕೊನೆಯ ಹಾಡು, ಕವಿ ಗೈಬೆಲ್ ಬರೆದ 'ಮೌನದ ತಾವರೆ'. ಬಿಳಿಯ ಹೂವಿನ ಸುತ್ತ ಹಂಸವೊಂದು ಹಾಡುತ್ತ ಈಜುತ್ತದೆ. ಹೂವೇ, ಈ ಹಾಡು ನಿನಗೆ ತಿಳಿದೀತೇ ಎಂಬ ಪ್ರಶ್ನೆಯೊಂದಿಗೆ ಕವಿತೆ ಮುಗಿಯುತ್ತದೆ. ಸಂಗೀತವೂ ಹಾಗೆಯೇ: ಮನೆ ಸೇರಬೇಕಾದ ಎ ಫ್ಲಾಟ್‌ಗೆ ಬರದೆ, ಅದರತ್ತ ಹಾತೊರೆಯುವ ಹಿಂದಿನ ಡಾಮಿನೆಂಟ್ ಸೆವೆಂತ್ ಕಾರ್ಡ್‌ನಲ್ಲೇ ನಿಂತುಬಿಡುತ್ತದೆ. ಕೊನೆಯಲ್ಲಿ ವೇಗ ತಗ್ಗಿಸುವುದು ನಮ್ಮಂಥ ವಾದಕರ ಚಟ. ಇಲ್ಲಿ ಹಾಗೆ ಮಾಡಿದರೆ ಪ್ರಶ್ನೆ ನಿಟ್ಟುಸಿರಾಗುತ್ತದೆ. ಅದಕ್ಕೇ ಲಯ ಸಡಿಲಿಸುವುದಿಲ್ಲ. ಕಾರ್ಡ್‌ನ ಸ್ವರಗಳಲ್ಲಿ ಅದಕ್ಕೆ ಹೆಸರು ತಂದ 'ಸೆವೆಂತ್' ಸ್ವರವನ್ನು ಕೊಂಚ ಎದ್ದು ಕೇಳಿಸುವಂತೆ ಒತ್ತಿ, ಕೈ ಮತ್ತು ಪೆಡಲ್ ಎರಡನ್ನೂ ಒಟ್ಟಿಗೆ ಬಿಡುತ್ತೇನೆ.

ಇಷ್ಟು ಧೈರ್ಯದ ಕೊನೆ ಬರೆದಾಕೆಯೇ ಕೆಲವು ವರ್ಷ ಹಿಂದೆ, 1839ರಲ್ಲಿ, ಹೆಣ್ಣು ಸಂಗೀತ ರಚಿಸುವ ಆಸೆ ಪಡಬಾರದೆಂಬ ಅರ್ಥದ ಮಾತನ್ನು ದಿನಚರಿಯಲ್ಲಿ ಬರೆದಿದ್ದರು. 1856ರಲ್ಲಿ ರಾಬರ್ಟ್ ತೀರಿಕೊಂಡ ಮೇಲಂತೂ ರಚನೆ ಹೆಚ್ಚುಕಡಿಮೆ ನಿಂತೇಹೋಯಿತು. ಸಂಗೀತ ಕಛೇರಿಗಳ ಸಂಪಾದನೆಯಿಂದ ಸಂಸಾರ ನಡೆಯಬೇಕಿತ್ತು.

ಕಾರ್ಯಕ್ರಮದಲ್ಲಿ ತಾವರೆಯ ಹಾಡಿನ ಬೆನ್ನಿಗೇ ಎ ಫ್ಲಾಟ್‌ನಲ್ಲಿರುವ ಇನ್ನೊಂದನ್ನು ಇಡೋಣ, ಕಿವಿಗೆ ಹಿತ ಎಂದು ಗಾಯಕರು ಕೇಳುವುದುಂಟು. ನಾನು ಒಪ್ಪುವುದಿಲ್ಲ. ಕ್ಲಾರಾ ಕೊಡದ ಉತ್ತರವನ್ನು ನಾವು ಕೊಟ್ಟಂತಾಗುತ್ತದೆ. ತಾವರೆಯ ಹಾಡನ್ನು ಮಧ್ಯಂತರಕ್ಕೆ ಮುಂಚೆ ಇಡಿಸುತ್ತೇನೆ.