ಕೈ ಊರದೆ ಏಳುವುದನ್ನು ಮತ್ತೆ ಕಲಿತೆ

ನಿವೃತ್ತಿಯಾದ ಮೊದಲ ವರ್ಷ ಆರೋಗ್ಯಕ್ಕೆಂದು ನಾನು ಮಾಡಿದ್ದು ನಡಿಗೆಯೊಂದೇ. ಬೆಳಿಗ್ಗೆ ಫೋನಿನಲ್ಲಿ 10,000 ಹೆಜ್ಜೆ ಆಯಿತೆಂದರೆ ದಿನದ ಕರ್ತವ್ಯ ಮುಗಿಯಿತು. ಉಳಿದ ಹೊತ್ತೆಲ್ಲ ಕುರ್ಚಿಯಲ್ಲೇ. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ್ದು, ವೈದ್ಯರು ಹಾಕಿದ ಲೆಕ್ಕವಲ್ಲ ಎಂದು ಆಮೇಲೆ ತಿಳಿಯಿತು.

ಒಂದು ಸಂಜೆ ಮೊಮ್ಮಗಳ ಜೊತೆ ನೆಲದ ಮೇಲೆ ಕೂತು ಆಡಿದವನಿಗೆ ಏಳಲು ಆಗಲಿಲ್ಲ. ನೋವಿರಲಿಲ್ಲ, ತೊಡೆಯಲ್ಲಿ ಕಸುವೇ ಇರಲಿಲ್ಲ. "ತಾತ, ನಾನು ಎಳೀಲಾ?" ಎಂದು ಮಗು ಕೈ ಚಾಚಿತು. ಮಂಚದ ಅಂಚು ಹಿಡಿದು ಎದ್ದೆ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಮರುವಾರ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡೆ. ಕೈಗಳನ್ನು ಎದೆಗೆ ಅಡ್ಡ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಪೂರ್ತಿ ಎದ್ದು ಕೂರುತ್ತೇನೆಂದು ಎಣಿಸಿದರು. 8 ಬಂತು. 60ರಿಂದ 64ರೊಳಗಿನ ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದರು. ನನಗೆ ಆಗ 61.

ನಡಿಗೆಯಿಂದ ಹೃದಯಕ್ಕೆ, ಶ್ವಾಸಕೋಶಕ್ಕೆ ಒಳ್ಳೆಯದೇ. ಆದರೆ ಸಮತಟ್ಟು ದಾರಿಯಲ್ಲಿ ತೊಡೆಯ ಮೇಲೆ ಸಾಕಷ್ಟು ಭಾರ ಬೀಳುವುದಿಲ್ಲ. ವಯಸ್ಸಾದಂತೆ ಹೆಚ್ಚಾಗಿ ಸೊರಗುವುದು ಚುರುಕಾಗಿ ಕೆಲಸ ಮಾಡುವ ಸ್ನಾಯು ಎಳೆಗಳು. ಎಡವಿದಾಗ ತಟ್ಟನೆ ಕಾಲಿಟ್ಟು ಸಾವರಿಸಿಕೊಳ್ಳಲು ಬೇಕಾಗುವುದು ಅವೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆಯ ಜೊತೆಗೆ 2 ದಿನ ಸ್ನಾಯುಬಲದ ವ್ಯಾಯಾಮ, 3 ದಿನ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮ ಹೇಳುತ್ತದೆ. ನಾನು ಮೊದಲನೆಯದನ್ನಷ್ಟೇ ಹಿಡಿದಿದ್ದೆ.

ಗೋಡೆಗೆ ಒತ್ತಿಟ್ಟ, ಚಕ್ರವಿಲ್ಲದ ಕುರ್ಚಿಯಿಂದ ಶುರು ಮಾಡಿದೆ. ಕೈ ಊರದೆ ಏಳಲಾಗಲಿ ಎಂದು ಅದರ ಮೇಲೊಂದು ಗಟ್ಟಿ ದಿಂಬು. 6 ಸಲ ಎದ್ದು ಕೂರುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ಮೂರು ಸುತ್ತು. ಏಳುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಕೂರುವಾಗ ಧೊಪ್ಪೆಂದು ಬೀಳದೆ ನಾಲ್ಕು ಎಣಿಸುತ್ತ ಇಳಿಯಬೇಕು. ಹೆಚ್ಚಿನ ಕೆಲಸ ನಡೆಯುವುದು ಆ ಇಳಿತದಲ್ಲೇ ಎಂಬುದು ನನ್ನ ಅನುಭವ.

ಮೂರನೇ ವಾರ ಉತ್ಸಾಹದಿಂದ ದಿನವೂ ಮಾಡಿ ಮಂಡಿ ಊದಿಸಿಕೊಂಡೆ. ಹತ್ತು ದಿನ ನಿಲ್ಲಿಸಬೇಕಾಯಿತು. ಅಲ್ಲಿಂದ ದಿನ ಬಿಟ್ಟು ದಿನ ಮಾತ್ರ. ಎರಡು ತಿಂಗಳಿಗೆ ದಿಂಬು ತೆಗೆದೆ, ಆಮೇಲೆ ಪುಸ್ತಕ ತುಂಬಿದ ಚೀಲವನ್ನು ಎದೆಗವಚಿಕೊಂಡು ಎದ್ದೆ. ಹಲ್ಲುಜ್ಜುವಾಗ ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸವನ್ನೂ ಸೇರಿಸಿದೆ, ಒಂದು ಕೈ ಸಿಂಕಿನ ಮೇಲೆಯೇ ಇರುತ್ತದೆ. ರಾತ್ರಿ ಎಚ್ಚರವಾದರೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತೇ ಏಳುತ್ತೇನೆ, ಏಕೆಂದರೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ದಿಢೀರನೆ ಎದ್ದರೆ ತಲೆ ಸುತ್ತುವುದುಂಟು.

ನಾಲ್ಕು ತಿಂಗಳಿಗೆ ಎಣಿಕೆ 12 ಆಯಿತು, ವರ್ಷಕ್ಕೆ 16. ನಡಿಗೆ ಬಿಟ್ಟಿಲ್ಲ, ಆದರೆ ಹೆಜ್ಜೆ ಎಣಿಸುವುದಿಲ್ಲ. ನೆಲದಿಂದ ಏಳುವಾಗ ಬಲಮಂಡಿ ಊರಿ ಎಡಪಾದದ ಮೇಲೆ ಭಾರ ಹಾಕಿದರೆ ಸಲೀಸಾಗಿ ಏಳುತ್ತೇನೆ. ಕಾಲು ಬದಲಿಸಿದರೆ ಮಾತ್ರ ಇನ್ನೂ ಒಂದು ಕೈ ನೆಲಕ್ಕೆ ತಾಕುತ್ತದೆ. ಈ ತಿಂಗಳು ಅದರ ಮೇಲೇ ಕೆಲಸ ನಡೆದಿದೆ.