ಎಚ್‌ಎಸ್-ಸಿಆರ್‌ಪಿ ಪರೀಕ್ಷೆ: ಯಾವಾಗ ಮಾಡಿಸಬೇಕು, ಹೇಗೆ ಓದಬೇಕು?

ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ ಎನ್ನುವುದು ಅರ್ಧ ನಿಜ. ಕೊಬ್ಬು ಸೇರುವುದು ನಾಳದ ಗೋಡೆಯೊಳಕ್ಕೆ. ಒಳಪದರದಡಿ ನುಸುಳಿದ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಅಲ್ಲೇ ಕೆಡುತ್ತದೆ. ಅದನ್ನು ತೆರವು ಮಾಡಲು ಮಾನೊಸೈಟ್ ಎಂಬ ಬಿಳಿರಕ್ತಕಣಗಳು ಗೋಡೆಗೆ ಅಂಟಿಕೊಂಡು ಒಳಹೊಕ್ಕು, ಮ್ಯಾಕ್ರೊಫೇಜ್‌ಗಳಾಗಿ ಬದಲಾಗಿ, ಜಿಡ್ಡು ನುಂಗತೊಡಗುತ್ತವೆ. ಅರಗಿಸಲಾಗದೆ ನೊರೆಯುಂಡೆಗಳಂತೆ ಉಬ್ಬಿ ಅಲ್ಲೇ ಸಾಯುತ್ತವೆ. ಉಳಿದವು ಸುರಿಸುವ ಕಿಣ್ವಗಳು ಜಿಡ್ಡಿನ ಮೇಲಿರುವ ನಾರಿನ ಹೊದಿಕೆಯನ್ನೇ ತಿನ್ನುತ್ತವೆ. ಅದು ಹರಿದರೆ ರಕ್ತ ಹೆಪ್ಪುಗಟ್ಟುತ್ತದೆ. ಅರ್ಧವೂ ಮುಚ್ಚಿರದ ನಾಳ ನಿಮಿಷಗಳಲ್ಲಿ ಬಂದ್ ಆಗುವುದು ಹೀಗೆ.

ಬಿಳಿರಕ್ತಕಣಗಳ ಈ ಕಾದಾಟವೇ ಉರಿಯೂತ. ಅದರ ಸುಳಿವು ಸಿಕ್ಕಿದಾಗ ಲಿವರ್ ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಅದರ ಸಣ್ಣ ಪ್ರಮಾಣವನ್ನೂ ಅಳೆಯುವ ಸೂಕ್ಷ್ಮ ಪರೀಕ್ಷೆಯೇ ಎಚ್‌ಎಸ್-ಸಿಆರ್‌ಪಿ.

1. ಚೀಟಿಯಲ್ಲಿ ‘ಎಚ್‌ಎಸ್-ಸಿಆರ್‌ಪಿ’ ಎಂದೇ ಬರೆಸಿ. ಬರೀ ಸಿಆರ್‌ಪಿ ಜ್ವರ, ಸೋಂಕಿಗೆ ಮಾಡುವ ಪರೀಕ್ಷೆ. ಸಣ್ಣ ಪ್ರಮಾಣ ಅದರಲ್ಲಿ ಸರಿಯಾಗಿ ತಿಳಿಯದು.

2. ಹೆಚ್ಚು ಎಡವಟ್ಟಾಗುವುದು ಸಮಯದಲ್ಲಿ. ಜ್ವರ, ಹಲ್ಲಿನ ಕೀವು, ಗಾಯ ವಾಸಿಯಾಗಿ ಎರಡು–ಮೂರು ವಾರ ಕಳೆಯಲಿ. ಶಿಡ್ಲಘಟ್ಟದಲ್ಲಿ ದಿನವಿಡೀ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ ಬೆರಳ ಸಂದು ಕೊಳೆತು ಕೀವಾಗಿದ್ದರೆ, ರಿಪೋರ್ಟಿನ ಅಂಕಿ ಬೆರಳಿನದೋ ಹೃದಯದ ನಾಳದ್ದೋ ಹೇಳಲಾಗದು. ಚಿಕೂನ್‌ಗುನ್ಯಾದ ಕೀಲುನೋವು ಉಳಿದವರಿಗೂ ಇದೇ ಮಾತು. ಉಪವಾಸ ಬೇಕಿಲ್ಲ.

3. ಅಳತೆ ನೋಡಿ. ಲೀಟರಿಗೆ 3 ಮಿಲಿಗ್ರಾಂ ಎಂದರೂ ಡೆಸಿಲೀಟರಿಗೆ 0.3 ಎಂದರೂ ಒಂದೇ. ಎರಡು ಲ್ಯಾಬಿನ ರಿಪೋರ್ಟ್ ಪಕ್ಕಪಕ್ಕ ಇಟ್ಟು ‘ಹತ್ತು ಪಟ್ಟು ಏರಿದೆ’ ಎಂದು ಗಾಬರಿಯಾಗಬೇಡಿ.

4. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. 10 ದಾಟಿದ್ದರೆ ಬೇರೆಲ್ಲೋ ಸೋಂಕಿರಬಹುದು. ಅದನ್ನು ಹುಡುಕಿ, ಎರಡು ವಾರ ಬಿಟ್ಟು ಮತ್ತೆ ಮಾಡಿಸಿ. ಬೊಜ್ಜು, ಬೀಡಿ–ಸಿಗರೇಟು, ವಸಡಿನ ರೋಗ ಕೂಡ ಅಂಕಿ ಏರಿಸುತ್ತವೆ.

5. ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಬಿಪಿ, ಸಕ್ಕರೆ ಜೊತೆಗಿಟ್ಟೇ ವೈದ್ಯರಿಗೆ ತೋರಿಸಿ. ಇದೊಂದೇ ಅಂಕಿ ಹಿಡಿದು ಆಂಜಿಯೋಗ್ರಾಂಗೆ ಓಡುವುದು ದುಡ್ಡು ದಂಡ. ಸ್ಟಾಟಿನ್ ಮಾತ್ರೆ ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುತ್ತದೆ. ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಉರಿಯೂತ ತಗ್ಗಿಸಿದರೆ ಸಾಕೇ? 2017ರ ಕ್ಯಾಂಟೋಸ್ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸದ ಚುಚ್ಚುಮದ್ದೊಂದು ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳನ್ನು ಸುಮಾರು 15% ತಗ್ಗಿಸಿತು. ಆದರೆ ಸೋಂಕಿನ ಸಾವು ಹೆಚ್ಚಿತು. ರೋಗನಿರೋಧಕ ಕಣಗಳ ಕೈ ಕಟ್ಟಿದರೆ ಆಗುವುದೇ ಅದು. 2023ರಲ್ಲಿ ಅಮೆರಿಕ 0.5 ಮಿಲಿಗ್ರಾಂ ಕೊಲ್ಚಿಸಿನ್ ಮಾತ್ರೆಗೆ ಇದೇ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟಿತು. ಮಳೆಗಾಲದಲ್ಲಿ ಬೇಲಿ ಮೇಲೆ ಕೆಂಪು–ಹಳದಿಯಾಗಿ ಅರಳುವ ಅಗ್ನಿಶಿಖೆಯಲ್ಲೂ ಇದೇ ಕೊಲ್ಚಿಸಿನ್ ಇದೆ. ಹಾಗೆಂದು ಅದರ ಗೆಡ್ಡೆ ಅರೆದು ಕುಡಿದೀರಿ, ಜೀವ ಹೋಗುತ್ತದೆ. ಕಿಡ್ನಿ ದುರ್ಬಲವಾಗಿರುವವರಿಗೆ ಅಂಗಡಿಯ ಮಾತ್ರೆಯೂ ವಿಷವಾದೀತು.